ಅಮ್ಮನಿಗೆ ಸೋಮವಾರ, ಆಡಿಟರಿಗೆ ಭಾನುವಾರ

ನಾಲ್ಕು ವರ್ಷದ ಮಗು ಆರು ತಿಂಗಳಲ್ಲಿ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಗೋಕಿಲಾಳ ಹತ್ತಿರ ಖಚಿತವಾದ ಉತ್ತರವಿತ್ತು. ಉದ್ದಕ್ಕೆ ಒಂದೂಕಾಲು ಇಂಚು, ತೋಳಿಗೆ ಅರ್ಧ, ಕುತ್ತಿಗೆಗೆ ಏನೂ ಇಲ್ಲ. ಸೆಪ್ಟೆಂಬರ್ ಇಪ್ಪತ್ತೆಂಟರ ಭಾನುವಾರ ಬೆಳಗ್ಗೆ, ಕಾಂಗೇಯಂ ಹೊರಗಿನ ತೋಟದ ಮನೆಯ ಜಗಲಿಯಲ್ಲಿ ಕೂತು ಅವಳು ಮಗಳು ಇನಿಯಾಳ ಆರು ಫ್ರಾಕುಗಳ ಅಂಚನ್ನು ಒಳಕ್ಕೆ ಮಡಿಚಿ ಸಡಿಲವಾಗಿ ಹೊಲಿಯುತ್ತಿದ್ದಳು. ಎರಡು ತಿಂಗಳಿಗೊಮ್ಮೆ ಒಂದು ಸಾಲು ನೂಲು ಬಿಚ್ಚಿದರೆ ಸಾಕು, ಫ್ರಾಕು ಮಗುವಿನ ಜೊತೆಗೇ ಉದ್ದವಾಗುತ್ತದೆ. ಹೇಗೆ ಬಿಚ್ಚಬೇಕೆಂದು ಗಂಡ ಸರವಣಕುಮಾರನಿಗೆ ತೋರಿಸಿಕೊಟ್ಟಿದ್ದಳು. ಅವನು ತಲೆಯಾಡಿಸಿದ್ದ. ಅವನು ಮರೆಯುತ್ತಾನೆಂದು ಗೊತ್ತಿದ್ದುದರಿಂದಲೇ ಮೊದಲು ಬಿಚ್ಚಬೇಕಾದ ಸಾಲಿಗೆ ಕೆಂಪು ನೂಲು ಹಾಕಿದ್ದಳು.

ಆ ರಾತ್ರಿ ಮಗು ಮಲಗಿದ ಮೇಲೆ ಅವಳು ಹೊರಡುವುದೆಂದು ನಿಶ್ಚಯವಾಗಿತ್ತು. ಕೊಯಮತ್ತೂರಿನಿಂದ ಶಾರ್ಜಾಕ್ಕೆ ನಸುಕಿನ ವಿಮಾನ. ಎಚ್ಚರವಿರುವ ಮಗುವಿನ ಕಣ್ಣೆದುರು ಹೊರಡಬೇಡ, ನಿನಗೂ ಆಗಲ್ಲ, ಅದಕ್ಕೂ ಆಗಲ್ಲ ಎಂದು ಅತ್ತೆ ಪಳನಿಯಮ್ಮಾಳ್ ಹೇಳಿದ್ದರು. ಅಂದರೆ ಇನ್ನೂ ಒಂದು ಇಡೀ ಹಗಲು ಕೈಯಲ್ಲಿತ್ತು. ಮಧ್ಯಾಹ್ನ ಇನಿಯಾಳ ಉಗುರು ಕತ್ತರಿಸಬೇಕು, ಸಂಜೆ ಶಾವಿಗೆ ಒತ್ತಬೇಕು, ರಾತ್ರಿ ಅವಳ ಪಕ್ಕ ಮಲಗಿ ಅವಳ ಕಾಲು ತನ್ನ ಹೊಟ್ಟೆಯ ಮೇಲೆ ಬೀಳುವವರೆಗೆ ಕಾಯಬೇಕು.

ಗೋಕಿಲಾಳಿಗೆ ಮೂವತ್ತೆರಡು. ಹದಿನೇಳಕ್ಕೆ ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದಾಗ ಅವಳ ಕೆಲಸ ಹೊಲಿದು ಬಂದ ಬನಿಯನ್ನುಗಳಲ್ಲಿ ತೂತು ಹುಡುಕುವುದು. ತೂತು ಹುಡುಕುತ್ತ ಹುಡುಕುತ್ತ, ಬಟ್ಟೆ ತಪ್ಪಾಗುವುದು ಹೊಲಿಗೆಯಲ್ಲಲ್ಲ, ಕತ್ತರಿಸುವುದಕ್ಕೂ ಮೊದಲು ಕಾಗದದ ಮೇಲೆ ಎಂಬುದು ಅವಳಿಗೆ ಅರ್ಥವಾಯಿತು. ಊಟದ ಬಿಡುವಿನಲ್ಲಿ ಪ್ಯಾಟರ್ನ್ ಮಾಸ್ಟರರ ಮೇಜಿನ ಬಳಿ ನಿಂತು ನೋಡಿ ನೋಡಿ ಕಲಿತಳು, ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಕಲಿತಳು. ಈಗ ಅವಳು ಕೊಟ್ಟ ಅಳತೆಗೆ ಒಂದೇ ದಿನದಲ್ಲಿ ಹತ್ತು ಸಾವಿರ ಬನಿಯನ್ನು ಕತ್ತರಿಸುತ್ತಿದ್ದರು. ಒಗೆದರೆ ಬಟ್ಟೆ ಎಷ್ಟು ಕುಗ್ಗುತ್ತದೆ, ಹೊಲಿಗೆಗೆ ಎಷ್ಟು ಅಂಚು ಬಿಡಬೇಕು ಎಂದು ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ ಹೇಳಬಲ್ಲವಳಾಗಿದ್ದಳು.

ಸಂಬಳ ಮಾತ್ರ ಯಾವತ್ತೂ ಅವಳ ಹತ್ತಿರ ನಿಲ್ಲಲಿಲ್ಲ. ಮದುವೆಗೆ ಮೊದಲು ಅಪ್ಪನ ಕೈಗೆ, ಮದುವೆಯಾದ ಮೇಲೆ ಮಾವ ಕುಪ್ಪುಸಾಮಿಯ ಬೀರುವಿಗೆ. ಕೇಳಿದಾಗ ಇಲ್ಲವೆಂದವರು ಯಾರೂ ಇಲ್ಲ, ಅದನ್ನು ಅವಳು ಒಪ್ಪುತ್ತಾಳೆ. ಆದರೆ ಒಳಲಂಗಕ್ಕೂ ಕೇಳಬೇಕಾಗಿತ್ತು.

ಶಾರ್ಜಾದ ಸಮವಸ್ತ್ರ ಕಂಪನಿಯೊಂದು ಎರಡು ವರ್ಷಕ್ಕೆ ಕರೆದಾಗ ಅವಳು ಮೊದಲು ಕೇಳಿದ್ದು ಸಂಬಳ ಎಷ್ಟೆಂದಲ್ಲ, ಯಾರ ಖಾತೆಗೆ ಎಂದು. ಅವಳದೇ ಖಾತೆಗೆ. ಅಲ್ಲಿ ಸಂಬಳಕ್ಕೆ ತೆರಿಗೆಯೂ ಇರಲಿಲ್ಲ. ಊರಿಗೆ ಬರಲು ಮೊದಲ ರಜೆ ಆರು ತಿಂಗಳು ಕಳೆದ ಮೇಲೆ. ಪಲ್ಲಡಂ ರಸ್ತೆಯಲ್ಲಿ ಆರುಮುಗಂ ಎಂಬವರ ಒಂದು ಪುಟ್ಟ ಶೆಡ್ಡು ಮಾರಾಟಕ್ಕಿತ್ತು. ಮಾರ್ಚ್ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಅವರು ಹೇಳಿದ್ದರು. ಆರು ತಿಂಗಳ ಸಂಬಳ ಚೂರೂ ಮುಕ್ಕಾಗದೆ ಬಂದರೆ ಆ ಶೆಡ್ಡು ಅವಳದು. ಒಂದು ಪ್ಯಾಟರ್ನ್ ಮೇಜು, ಒಂದು ಕಂಪ್ಯೂಟರ್, ಬಾಗಿಲ ಮೇಲೆ ಅವಳ ಹೆಸರು. ತೆರಿಗೆ ಹೋದರೆ ಶೆಡ್ಡೂ ಹೋಯಿತು. ಲೆಕ್ಕ ಅಷ್ಟು ಬಿಗಿಯಾಗಿತ್ತು.

ಅದಕ್ಕೇ ಅವಳು ಕೊಯಮತ್ತೂರಿನ ಆಡಿಟರ್ ವಾದೀಶರ ಹತ್ತಿರ ಹೋಗಿದ್ದಳು. ಅವರೂ ಮನೆಯಲ್ಲಿ ಕನ್ನಡ ಮಾತಾಡುವವರೇ ಎಂದು ಕೇಳಿ ಧೈರ್ಯ ಬಂದಿತ್ತು. ವಾದೀಶರು ಗೋಡೆಯ ಕ್ಯಾಲೆಂಡರಿನ ಕಡೆ ಬೆರಳು ತೋರಿಸಿ ಹೇಳಿದ್ದರು, “ಏಪ್ರಿಲ್ ಒಂದರಿಂದ ಎಣಿಸಿಮ್ಮಾ. ನೂರ ಎಂಬತ್ತೆರಡು ದಿನ ಇಲ್ಲಿ ಇದ್ದುಬಿಟ್ರೆ ಈ ವರ್ಷ ಪೂರ್ತಿ ನೀವು ಇಲ್ಲಿಯವರೇ. ಅಲ್ಲಿ ದುಡಿದದ್ದಕ್ಕೂ ಇಲ್ಲಿ ತೆರಿಗೆ ಬೀಳತ್ತೆ. ನೂರ ಎಂಬತ್ತೊಂದಕ್ಕೆ ನಿಲ್ಲಿಸಿ. ಸೆಪ್ಟೆಂಬರ್ ಇಪ್ಪತ್ತೆಂಟು, ಅದೇ ಕೊನೆ.”

ಬೇಗ ಹೊರಡಬಹುದಿತ್ತು. ಆದರೆ ವೀಸಾ ಬಂದದ್ದು ಸೆಪ್ಟೆಂಬರಿನಲ್ಲಿ. ಮಹಾಲಯ ಅಮಾವಾಸ್ಯೆ ಕಳೆಯದೆ ಮನೆಯಿಂದ ಕಾಲು ತೆಗೆಯಬಾರದೆಂದು ಅತ್ತೆ ತಡೆದರು. ಆಮೇಲೆ ಶುಕ್ರವಾರ ಆಗದು, ಪಡುವಣಕ್ಕೆ ಸೂಲಂ. ದಿನಕ್ಕೊಂದು ದಿಕ್ಕಿನಲ್ಲಿ ಶೂಲ ನಿಂತಿರುತ್ತದೆ, ಆ ದಿಕ್ಕಿಗೆ ಪ್ರಯಾಣ ಕೂಡದು ಎಂದು ದಿನದ ಕ್ಯಾಲೆಂಡರಿನ ಪ್ರತಿ ಹಾಳೆಯ ಕೆಳಗೂ ಅಚ್ಚಾಗಿರುತ್ತದೆ. ಶನಿವಾರ ಪುರಟ್ಟಾಸಿ ತಿಂಗಳ ಪೆರುಮಾಳ್ ಪೂಜೆ. ಭಾನುವಾರ ಮತ್ತೆ ಪಡುವಣ ಸೂಲಂ. ಶಾರ್ಜಾ ಇರುವುದು ಪಡುವಣಕ್ಕೆ. ಕೊನೆಗೆ ಸರವಣಕುಮಾರನೇ ಉಪಾಯ ಕಂಡುಹಿಡಿದ. ಸೋಮವಾರ ನಸುಕಿನ ನಾಲ್ಕೂ ಹತ್ತಕ್ಕೆ ಒಂದು ವಿಮಾನವಿತ್ತು. ಅಮ್ಮನಿಗೆ ಹೇಳುವಾಗ ಅದು ಸೋಮವಾರದ ವಿಮಾನ. ಆಡಿಟರಿಗೆ ಹೇಳುವಾಗ ಭಾನುವಾರ ರಾತ್ರಿಯ ವಿಮಾನ. ಎರಡೂ ಕಡೆ ಒಪ್ಪಿಗೆ ಸಿಕ್ಕಿತ್ತು. ತನ್ನ ಜಾಣತನಕ್ಕೆ ಅವನು ಎರಡು ದಿನ ಬೀಗಿದ್ದ.

ಐದು ಫ್ರಾಕು ಮುಗಿದು ಆರನೆಯದಕ್ಕೆ ಸೂಜಿ ಪೋಣಿಸುವಾಗ ಇನಿಯಾ ಒಳಗಿಂದ ಓಡಿ ಬಂದಳು. ಎರಡೂ ಕೈಯಲ್ಲಿ ಕ್ಯಾಲೆಂಡರಿನ ಒಂದೊಂದು ಹಾಳೆ.

“ಅಮ್ಮಾ, ನಾನು ಎರಡು ದಿನ ಕಿತ್ತೆ!”

“ಅಯ್ಯೋ, ಯಾಕೆ ಸಾಮಿ?”

“ಹಾಳೆ ಎಲ್ಲಾ ಕಿತ್ತಾದ್ಮೇಲೆ ನೀನು ಬರ್ತೀಯ ಅಂತ ಅಜ್ಜಿ ಹೇಳ್ತು. ನಾನು ಈಗಲೇ ಕಿತ್ತುಬಿಟ್ರೆ ನೀನು ಹೋಗೋದೇ ಬೇಡ.”

ಗೋಕಿಲಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮಗುವನ್ನು ಮಡಿಲಿಗೆಳೆದುಕೊಂಡಳು. ಮಗುವಿನ ತಲೆಯ ಮೇಲಿಂದ ಅವಳ ಕಣ್ಣು ಆ ಚಿಕ್ಕ ಕೈಯಲ್ಲಿದ್ದ ಹಾಳೆಯ ಮೇಲೆ ಬಿತ್ತು. ಸೋಮವಾರ. ದೊಡ್ಡ ಅಕ್ಷರದಲ್ಲಿ, ಇಪ್ಪತ್ತೊಂಬತ್ತು.

ಟಿಕೆಟ್ಟಿನಲ್ಲೂ ಇಪ್ಪತ್ತೊಂಬತ್ತೇ ಇತ್ತು. ಅದನ್ನು ಅವಳು ಹತ್ತು ಸಲ ನೋಡಿದ್ದಳು. ನೋಡಿದಾಗಲೆಲ್ಲ ಮನಸ್ಸು ‘ಭಾನುವಾರ ರಾತ್ರಿ’ ಎಂದೇ ಓದಿಕೊಂಡಿತ್ತು. ಮಗುವನ್ನು ಇಳಿಸಿ, ಗೋಡೆಗೆ ಒರಗಿ ನಿಂತು ವಾದೀಶರಿಗೆ ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಮೂರನೆಯ ಸಲಕ್ಕೆ ಎತ್ತಿದರು.

“ಮಡೀಲಿದ್ದೆಮ್ಮಾ, ಏನು ಅವಸರ?”

“ಸಾರ್, ನನ್ನ ವಿಮಾನ ನಾಲ್ಕೂ ಹತ್ತಕ್ಕೆ. ಬೆಳಗಿನ ಜಾವ.”

“ಯಾವತ್ತು ಬೆಳಗಿನ ಜಾವ?”

“ಇವತ್ತು ರಾತ್ರಿ ಸಾರ್.”

ವಾದೀಶರು ನಿಧಾನಕ್ಕೆ ಕೇಳಿದರು, “ಏರ್‌ಪೋರ್ಟಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವಾಗ ಗಂಟೆ ಎಷ್ಟಾಗಿರತ್ತೆ?”

“ಒಂದೂವರೆ, ಎರಡು.”

“ಹಾಗಾದ್ರೆ ಇಪ್ಪತ್ತೊಂಬತ್ತು ಅಂತ ಬೀಳತ್ತೆ. ನೂರ ಎಂಬತ್ತೆರಡು. ನೀವು ನನಗೆ ಇಪ್ಪತ್ತೆಂಟರ ರಾತ್ರಿ ಅಂದ್ರಲ್ಲ?”

“ಒಂದೂವರೆ ಗಂಟೆಗೋಸ್ಕರ ಒಂದು ವರ್ಷವಾ ಸಾರ್?”

“ಒಂದು ನಿಮಿಷಕ್ಕೂ ಒಂದು ವರ್ಷವೇ. ಹೊರಟ ದಿನವನ್ನ ಲೆಕ್ಕಕ್ಕೆ ಹಿಡೀಬಾರದು ಅಂತ ವಾದ ಮಾಡೋರೂ ಇದ್ದಾರೆ. ಐದು ವರ್ಷ ಅಲೆಯೋಕೆ ಪುರುಸೊತ್ತಿದ್ರೆ ವಾದ ಮಾಡೋಣ. ನನ್ನ ಕೇಳಿದ್ರೆ, ಇವತ್ತು ರಾತ್ರಿ ಹನ್ನೆರಡರೊಳಗೆ ಮುದ್ರೆ ಬೀಳಲಿ. ಯಾವ ಊರಿಂದಾದ್ರೂ ಸರಿ.”

ಗಂಟೆ ಹತ್ತೂಮುಕ್ಕಾಲು. ಪ್ರತಿ ಬಟ್ಟೆಗೂ ಹೊಲಿಗೆಯ ಅಂಚು ಬಿಡುತ್ತಿದ್ದವಳು ಈ ದಿನಗಳನ್ನು ಮಾತ್ರ ಗೆರೆಯ ಮೇಲೆಯೇ ಕತ್ತರಿಸಿದ್ದಳು. ಮಗಳ ಜೊತೆ ಒಂದು ದಿನವೂ ಕಡಿಮೆಯಾಗಬಾರದೆಂದು ತುದಿಯವರೆಗೂ ಕೂತಿದ್ದು ಅವಳೇ. ಅತ್ತೆಯ ಸೂಲಂ ಬರೀ ನೆಪ ಎಂದು ಆ ಗಳಿಗೆಯಲ್ಲಿ ಅವಳಿಗೆ ಅನ್ನಿಸಿತು.

ಸರವಣಕುಮಾರ ಕೊಬ್ಬರಿ ಒಣಗಿಸುವ ಕಳದಿಂದ ಲುಂಗಿ ಮೇಲೆ ಕಟ್ಟಿಕೊಂಡು ಓಡಿ ಬಂದ. ವಿಷಯ ಕೇಳಿ ತಲೆಗೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತ.

“ಒಂದೇ ಟಿಕೆಟ್ಟಲ್ಲಿ ಇಬ್ಬರನ್ನೂ ಒಪ್ಪಿಸಿದೆ ಅಂತ ಇದ್ದೆನಲ್ಲ.”

“ಏನುಂಗ, ಕೂರೋಕೆ ಟೈಮಿಲ್ಲ. ಕೊಚ್ಚಿಯಿಂದ ಸಂಜೆ ವಿಮಾನ ಇರ್ತದೆ, ನೋಡಿ.”

ಅವನು ಫೋನು ತಿಕ್ಕತೊಡಗಿದ. ಅಷ್ಟರಲ್ಲಿ ಕುಪ್ಪುಸಾಮಿ ಹಟ್ಟಿಯ ಕಡೆಯಿಂದ ಬಂದರು. ಕಾಂಗೇಯಂ ತಳಿಯ ಎತ್ತುಗಳ ಮೈ ತೊಳೆದು, ಟವೆಲು ಹಿಂಡಿ ಹೆಗಲಿಗೆ ಹಾಕಿಕೊಂಡಿದ್ದರು.

“ಒಂದು ದಿನಕ್ಕೆ ಎರಡು ಟಿಕೆಟ್ಟಾ? ತೆರಿಗೆಗೆ ಹೆದರಿ ದೇಶ ಬಿಟ್ಟು ಓಡೋದು ಮಿಲ್ಲು ಮುದಲಾಳಿಗಳ ಕೆಲಸ. ನೀನು ಕಾಗದ ಕತ್ತರಿಸೋಳು. ಬಂದಷ್ಟು ಬರಲಿ ಅಂತ ಸುಮ್ಮನೆ ಇರಬಾರದಾ?”

ಎಂಟು ವರ್ಷದಲ್ಲಿ ಗೋಕಿಲಾ ಮಾವನಿಗೆ ಎದುರು ಮಾತಾಡಿದ್ದಿಲ್ಲ. ಈಗ ಸೂಟ್‌ಕೇಸಿನ ಬೀಗ ಹಾಕುತ್ತಲೇ, ತಲೆ ಎತ್ತದೆ ಹೇಳಿದಳು.

“ಮಾವ, ನಿಮ್ಮ ತೆಂಗಿನಕಾಯಿಗೆ ಸರಕಾರ ತೆರಿಗೆ ಕೇಳಲ್ಲ. ನನ್ನ ಕತ್ತರಿಗೆ ಕೇಳ್ತದೆ. ಹದಿನೈದು ವರ್ಷ ಕೊಟ್ಟಿದ್ದೀನಿ, ಇನ್ನೂ ಕೊಡ್ತೀನಿ, ವಾಪಸ್ ಬಂದ್ಮೇಲೆ ನನ್ನ ಶೆಡ್ಡಿಂದ ಕೊಡ್ತೀನಿ. ಈ ಆರು ತಿಂಗಳು ಮಾತ್ರ ನನಗೆ ಪೂರ್ತಿ ಬೇಕು.”

ಕುಪ್ಪುಸಾಮಿ ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದರು. “ಬಾಯಿ ಬೆಳೆದೈತೆ,” ಎಂದರು, ಯಾರಿಗೆ ಎಂದಿಲ್ಲದೆ. ಒಳಗೆ ಹೋದರು.

“ಕೊಚ್ಚಿ, ಒಂಬತ್ತೂ ಮೂವತ್ತೈದು!” ಎಂದು ಸರವಣಕುಮಾರ ಕೂಗಿದ. “ಮೂರೇ ಸೀಟು ಇದೆ. ಆದರೆ ಅಮ್ಮ…”

ಅಮ್ಮ ಬಾಗಿಲಲ್ಲೇ ಅಡ್ಡ ನಿಂತಿದ್ದರು. ಪಳನಿಯಮ್ಮಾಳ್ ಕೈಯಲ್ಲಿ ಮೊಮ್ಮಗಳು ಕಿತ್ತ ಹಾಳೆ, ಬೆರಳ ತುದಿಯಲ್ಲಿ ಅದನ್ನು ಮತ್ತೆ ಅಂಟಿಸಲು ತಂದ ಅನ್ನದ ಅಗುಳು.

“ಭಾನುವಾರ ಪಡುವಣಕ್ಕೆ ಆಗಲ್ಲ ಅಮ್ಮಿಣಿ. ಒಂಟಿ ಹೆಂಗಸು, ಕಡಲು ದಾಟೋ ದಾರಿ. ಶೆಡ್ಡು ಹೋದ್ರೆ ಇನ್ನೊಂದು ಬರ್ತದೆ. ನಾನು ಬಿಡಲ್ಲ.”

ಗೋಕಿಲಾ ಎದ್ದು ನಿಂತಳು. ಅತ್ತೆಯನ್ನು ದೂಡಿಕೊಂಡು ಹೋಗಿಬಿಡಬಹುದು. ಹಾಗೆ ಹೋದರೆ ಆರು ತಿಂಗಳು ಇನಿಯಾಳಿಗೆ ಅನ್ನ ಕಲಸಿ ಕೊಡುವುದು ಇದೇ ಕೈ.

“ಅತ್ತೆ, ಆ ಹಾಳೆ ಯಾಕೆ ಅಂಟಿಸ್ತಾ ಇದ್ದೀರಿ?”

“ಮುಗಿಯದ ದಿನವನ್ನ ಕೀಳಬಾರದಲ್ಲ.”

“ಯಾವಾಗ ಕೀಳಬೇಕು?”

“ಸೂರ್ಯ ಹುಟ್ಟಿದ ಮೇಲೆ, ಬಾಗಿಲಿಗೆ ನೀರು ಹಾಕಿ. ಇದೇನು ಹೊಸದಾಗಿ ಕೇಳ್ತೀಯ?”

“ನಸುಕಿಗೇ ಎದ್ದೆ ಅಂತ ಕಿತ್ತರೆ?”

“ಸೂರ್ಯ ಹುಟ್ಟದೆ ಹಿಂದಿನ ದಿನ ಮುಗೀತದಾ?”

“ಹಾಗಾದ್ರೆ ನಾಲ್ಕೂ ಹತ್ತಕ್ಕೆ ನಾನು ವಿಮಾನದಲ್ಲಿ ಕೂತಾಗ ಅದು ಯಾವ ದಿನ ಅತ್ತೆ?”

ಬೆರಳ ಮೇಲಿನ ಅಗುಳು ಒಣಗತೊಡಗಿತ್ತು. ಪಳನಿಯಮ್ಮಾಳ್ ಮಗನ ಕಡೆ ತಿರುಗಿದರು.

“ಏನ್‌ಡಾ, ಭಾನುವಾರಕ್ಕೇ ಟಿಕೆಟ್ಟು ತೆಗೆದು ನನಗೆ ಸೋಮವಾರ ಅಂದ್ಯಾ?”

“ಸರಕಾರಕ್ಕೆ ಅದು ಸೋಮವಾರಮ್ಮಾ.”

“ಸರಕಾರಾನ ನಿನ್ನ ಹೆತ್ತಿದ್ದು?”

ಹೀಗೆ ಅವನ ಒಂದೇ ಟಿಕೆಟ್ಟು ಇಬ್ಬರ ಕಡೆಯಿಂದಲೂ ತಪ್ಪಾಯಿತು. ಆಡಿಟರಿಗೆ ಅದು ಸೋಮವಾರ, ಅಮ್ಮನಿಗೆ ಭಾನುವಾರ. ಯಾರೂ ನಗಲಿಲ್ಲ, ನಗುವಷ್ಟು ಹೊತ್ತಿರಲಿಲ್ಲ. ಪಳನಿಯಮ್ಮಾಳ್ ಅಡುಗೆಮನೆಗೆ ಹೋಗಿ ಒಂದು ಅಚ್ಚುಬೆಲ್ಲ ತಂದರು. ಪಡುವಣ ಸೂಲಂಗೆ ಪರಿಹಾರ ಬೆಲ್ಲ. ಅದೂ ಅದೇ ಹಾಳೆಯಲ್ಲಿ, ಸೂಲಂ ಪಕ್ಕದಲ್ಲೇ ಅಚ್ಚಾಗಿತ್ತು. ಇಷ್ಟು ದಿನ ಯಾರೂ ಅದರ ಮಾತೆತ್ತಿರಲಿಲ್ಲ.

“ಹೇಗಿದ್ರೂ ಸೂಲದಲ್ಲೇ ಹೋಗೋದು ಅಂದ್ಮೇಲೆ ಹಗಲಲ್ಲೇ ಹೋಗು. ಬಾಯಿ ತೆಗಿ.”

ಗೋಕಿಲಾ ತನ್ನ ಕಾರ್ಡಿನಿಂದಲೇ ಟಿಕೆಟ್ಟಿಗೆ ಹಣ ಕಟ್ಟಿದಳು. ತಿರುಪ್ಪೂರು ಕಂಪನಿಯ ಕೊನೆಯ ಸಂಬಳ ಅದರಲ್ಲಿ ಮುಗಿಯಿತು. ಸರವಣಕುಮಾರ ಸಾಮಾನು ಸಾಗಿಸುವ ವ್ಯಾನಿನತ್ತ ಹೊರಟಾಗ ಒಳಗಿಂದ ಕುಪ್ಪುಸಾಮಿಯ ದನಿ ಕೇಳಿತು. “ಆ ಡಬ್ಬಾದಲ್ಲಿ ಹೋದ್ರೆ ನಾಳೆ ತಲುಪ್ತೀರಿ.” ಕಾರಿನ ಕೀಲಿ ಜಗಲಿಯ ಮೇಲೆ ಬಂದು ಬಿತ್ತು. ಅವರು ಮಾತ್ರ ಹೊರಗೆ ಬರಲಿಲ್ಲ.

ಕಾರಿನ ಬಾಗಿಲು ತೆಗೆದರೆ ಇನಿಯಾ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದಳು, ಚಪ್ಪಲಿ ತಿರುಗಾಮುರುಗ ಹಾಕಿಕೊಂಡು. ಗೋಕಿಲಾ ಅತ್ತೆಯ ಮುಖ ನೋಡಿದಳು. “ಕರಕೊಂಡು ಹೋಗು,” ಎಂದರು ಪಳನಿಯಮ್ಮಾಳ್. “ಇನ್ನು ಬಚ್ಚಿಡೋಕೆ ಆಗಲ್ಲ.”

ಹೊರಟಾಗ ಹನ್ನೆರಡೂ ಹತ್ತು. ಪಲ್ಲಡಂ ರಸ್ತೆಯಲ್ಲಿ ಆರುಮುಗಂ ಅವರ ಶೆಡ್ಡು ಎಡಕ್ಕೆ ಬಂತು. ಭಾನುವಾರವಾದ್ದರಿಂದ ಮುಚ್ಚಿತ್ತು, ನೆರಳಲ್ಲಿ ಒಂದು ಆಡು ಮಲಗಿತ್ತು. ಸರವಣಕುಮಾರ ವೇಗ ಕಡಿಮೆ ಮಾಡಲು ಹೋದಾಗ “ಬೇಡ, ಹೋಗಿ” ಎಂದಳು. ಎರಡು ಗಂಟೆಗೆ ಮದುಕ್ಕರೈ ದಾಟಿದರು. ವಾಳಯಾರಿನಲ್ಲಿ ಲಾರಿಗಳ ಸಾಲು, ಆದರೂ ಸಾಗುತ್ತಿತ್ತು. ಆರೂವರೆಗೆಲ್ಲ ತಲುಪುತ್ತೇವೆ ಎಂದು ಅವನು ಲೆಕ್ಕ ಹೇಳಿದ. ಕೌಂಟರು ಮುಚ್ಚುವುದು ಎಂಟೂ ಮೂವತ್ತೈದಕ್ಕೆ.

ಪಾಲಕ್ಕಾಡು ಕಳೆದು ತ್ರಿಶೂರಿನ ಕಡೆ ಹೋಗುವಾಗ ವಾಹನಗಳು ನಿಂತವು. ಮುಂದೆಲ್ಲೋ ರಸ್ತೆ ಕೆಲಸ. ದಸರಾ ರಜೆಗೆ ಊರಿಗೆ ಹೊರಟವರ ಕಾರುಗಳು ಮೂರು ಸಾಲಾಗಿ ಅಂಟಿಕೊಂಡಿದ್ದವು. ನಾಲ್ಕೂವರೆ ಆಯಿತು. ಐದಾಯಿತು. ಇನಿಯಾ ಉಚ್ಚೆ ಎಂದಳು. ಎರಡು ಲಾರಿಗಳ ನಡುವೆ ಮಗುವನ್ನು ಕೂರಿಸಿ, ಒಂದು ಕೈಯಲ್ಲಿ ಅವಳ ಫ್ರಾಕು ಎತ್ತಿ ಹಿಡಿದು, ಮುಂದಿನ ಕಾರು ಅಲುಗಾಡೀತೆಂದು ಗೋಕಿಲಾ ಅತ್ತ ನೋಡುತ್ತಿದ್ದಳು. ಅಲುಗಾಡಲಿಲ್ಲ.

ಕೈ ಸುಮ್ಮನಿರಲಾರದೆ ಅವಳು ಆರನೆಯ ಫ್ರಾಕನ್ನು ಚೀಲದಿಂದ ತೆಗೆದಳು. ಕೆಂಪು ನೂಲಿನ ಸಾಲು. ಕಾರು ಹತ್ತು ಅಡಿ ಹೋಗಿ ನಿಂತಾಗಲೆಲ್ಲ ಸೂಜಿ ಬೆರಳಿಗೆ ತಾಗುತ್ತಿತ್ತು.

“ಅಮ್ಮಾ, ಇವತ್ತೇ ಹೋಗ್ತೀಯಾ?”

ಮೂರು ವಾರದಿಂದ ಆ ಪ್ರಶ್ನೆಗೆ ಅವಳು ಬೇರೆ ಬೇರೆ ಉತ್ತರ ಕೊಟ್ಟು ತಪ್ಪಿಸಿಕೊಂಡಿದ್ದಳು. “ಆಮಾ ಸಾಮಿ, ಇವತ್ತೇ.”

“ಕೆಲಸಕ್ಕಾ?”

“ಕೆಲಸಕ್ಕೆ.”

“ಅಪ್ಪ ಮೆಲ್ಲ ಓಡಿಸಿದ್ರೆ?”

“ಅಪ್ಪ ಮೆಲ್ಲ ಓಡಿಸಲ್ಲ,” ಎಂದ ಸರವಣಕುಮಾರ. ಕನ್ನಡಿಯಲ್ಲಿ ಅವನ ಕಣ್ಣು ಹೆಂಡತಿಯ ಕಣ್ಣಿಗೆ ಸಿಕ್ಕಿತು. ಮೆಲ್ಲ ಓಡಿಸಿಬಿಟ್ಟರೆ ಎಂಬ ಯೋಚನೆ ತನಗೂ ಬಂದು ಹೋಗಿದೆ ಎಂಬುದನ್ನು ಆ ಕಣ್ಣು ಮುಚ್ಚಿಡಲಿಲ್ಲ. ಆ ಮೇಲೆ ಅವನು ಎಡಗಡೆಯ ಮಣ್ಣುದಾರಿಗೆ ಗಾಡಿ ಇಳಿಸಿದ. ಹಿಂದಿನವರು ಹಾರನ್ನು ಬಾರಿಸಿ ಮಲಯಾಳದಲ್ಲಿ ಬೈದರು. ಅವನು ತಮಿಳಿನಲ್ಲಿ ಕೈ ಮುಗಿದು ಕೇಳಿಕೊಳ್ಳುತ್ತ, ಗೌರವದ ಮಾತಿನ ಮೇಲೆ ಗೌರವದ ಮಾತು ಸೇರಿಸುತ್ತ, ನೂರಿನ್ನೂರು ಗಾಡಿ ದಾಟಿಕೊಂಡು ಮುಂದೆ ಹೋದ. ಇಡೀ ಜೀವಮಾನದಲ್ಲಿ ಅವನು ಸಾಲು ಮುರಿದದ್ದನ್ನು ಗೋಕಿಲಾ ಕಂಡಿರಲಿಲ್ಲ.

ತ್ರಿಶೂರು ದಾಟುವಾಗ ಏಳು ಕಳೆದಿತ್ತು. ಅಂಗಮಾಲಿಗೆ ಎಂಟಾಗಲು ಐದು ನಿಮಿಷ. ವಿಮಾನ ನಿಲ್ದಾಣದ ಬಾಗಿಲಲ್ಲಿ ಎಂಟೂ ಹದಿನೆಂಟು.

ಬೀಳ್ಕೊಡುಗೆಗೆಂದು ಇಡೀ ಹಗಲು ಇಟ್ಟುಕೊಂಡಿದ್ದವಳಿಗೆ ಸಿಕ್ಕಿದ್ದು ಅರ್ಧ ನಿಮಿಷ. ಗೋಕಿಲಾ ನೆಲಕ್ಕೆ ಮಂಡಿಯೂರಿ ಮಗಳ ಚಪ್ಪಲಿಯನ್ನು ಸರಿಯಾದ ಕಾಲಿಗೆ ಹಾಕಿದಳು. ಹೋಗ್ತೀನಿ ಎಂದು ಅವರ ಮನೆಯಲ್ಲಿ ಯಾರೂ ಅನ್ನುವುದಿಲ್ಲ.

“ಬರ್ತೀನಿ ಸಾಮಿ.”

ಅಜ್ಜಿ ಕಲಿಸಿಕೊಟ್ಟಿದ್ದನ್ನು ಮಗು ತಪ್ಪಿಲ್ಲದೆ ಹೇಳಿತು. “ಬಾ.”

ಸರವಣಕುಮಾರ ಅವಳನ್ನು ಎತ್ತಿಕೊಂಡ. ಗೋಕಿಲಾ ಸೂಟ್‌ಕೇಸು ಎಳೆದುಕೊಂಡು ಓಡಿದಳು. ತಿರುಗಿ ನೋಡಿದರೆ ಕೌಂಟರು ತಪ್ಪುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಕೌಂಟರಿನಲ್ಲಿ ಅವಳೇ ಕೊನೆಯವಳು. ಪಾಸ್‌ಪೋರ್ಟಿನ ಸಾಲಿನಲ್ಲಿ ಮಾತ್ರ ಮುಂದೆ ನಲವತ್ತು ಜನ. ಮುದ್ರೆ ಹನ್ನೆರಡರೊಳಗೆ ಬಿದ್ದೇ ಬೀಳುತ್ತದೆ, ಆದರೆ ವಿಮಾನ ಅವಳಿಗಾಗಿ ನಿಲ್ಲುವುದಿಲ್ಲ. ವಿಮಾನ ತಪ್ಪಿದರೆ ಆ ಮುದ್ರೆಯನ್ನೂ ಹೊಡೆದುಹಾಕುತ್ತಾರೆ. ಶಾರ್ಜಾದವರು ಬನ್ನಿ ಎಂದು ಯಾರೋ ಕೂಗಿದಾಗ ಕೈ ಎತ್ತಿದಳು. ಅವಳನ್ನು ಮುಂದಕ್ಕೆ ಬಿಟ್ಟರು.

“ಮೊದಲ ಸಲವಾ?” ಎಂದು ಅಧಿಕಾರಿ ತಮಿಳಿನಲ್ಲಿ ಕೇಳಿದ. ಅವಳು ತಲೆಯಾಡಿಸಿದಳು. ಬೆಲ್ಲದ ರುಚಿ ಇನ್ನೂ ದವಡೆಯಲ್ಲಿ ಎಲ್ಲೋ ಇತ್ತು. ಟಕ್ ಎಂದು ಮುದ್ರೆ ಬಿತ್ತು. ಅಲ್ಲೇ ನಿಂತು ಓದಿದಳು. ಇಪ್ಪತ್ತೆಂಟು, ಸೆಪ್ಟೆಂಬರ್. ಹಿಂದಿನವನು ಕೆಮ್ಮಿದ ಮೇಲೆ ಸರಿದಳು.

ತಪಾಸಣೆಯಲ್ಲಿ ಚೀಲ ತಡೆದರು. ಒಳಗಿದ್ದ ನೂಲು ಕತ್ತರಿಸುವ ಪುಟ್ಟ ಕತ್ತರಿಯನ್ನು ತೆಗೆದು ಡಬ್ಬಿಗೆ ಹಾಕಿದರು. ಹದಿನೈದು ವರ್ಷದ ಕತ್ತರಿ. ಅದರ ಕೆಳಗೆ ಆರನೆಯ ಫ್ರಾಕು ಇತ್ತು. ಅವಸರದಲ್ಲಿ ಅದನ್ನು ಕಾರಿನಲ್ಲಿ ಬಿಡಲು ಮರೆತಿದ್ದಳು. ಮಡಿಚಿ ಮತ್ತೆ ಚೀಲಕ್ಕೆ ಹಾಕಿಕೊಂಡು ಗಂಡನಿಗೆ ಎರಡು ಸಾಲು ಕಳಿಸಿದಳು: ಇಪ್ಪತ್ತೆಂಟು ಬಿತ್ತು. ಫ್ರಾಕು ಐದೇ ಇವೆ, ಒಂದು ನನ್ನ ಹತ್ತಿರ ಬಂದಿದೆ.

ಸೋಮವಾರ ಬೆಳಗ್ಗೆ ಶಾರ್ಜಾದ ಕೋಣೆಯಿಂದ ಮನೆಗೆ ಫೋನು ಮಾಡಿದಾಗ ಎತ್ತಿದ್ದು ಪಳನಿಯಮ್ಮಾಳ್. ಊಟ ಆಯಿತಾ, ನೀರು ಹೇಗಿದೆ, ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ ಎಂದೆಲ್ಲ ಕೇಳಿದರು. ಮಾವ ಮಣ್ಣುದಾರಿಯಲ್ಲಿ ಕಾರಿಗಾದ ಗೀರು ನೋಡಿ ಬೈದರಂತೆ, ಆಮೇಲೆ ಆ ಶೆಡ್ಡಿಗೆ ಕರೆಂಟು ಲೈನು ಇದೆಯಾ ಎಂದು ಕೇಳಿದರಂತೆ. ಹಿಂದಿನಿಂದ ಮಗುವಿನ ಕೂಗು ಹತ್ತಿರ ಹತ್ತಿರ ಬರುತ್ತಿತ್ತು. ಫೋನು ಕೈ ಬದಲಾಯಿತು.

“ಅಮ್ಮಾ, ಅಂಟಿಸಿದ ಹಾಳೆ ಬರ್ಲೇ ಇಲ್ಲ. ಅಜ್ಜಿ ನೀರು ಹಚ್ಚಿ ಬಿಡಿಸಿಕೊಡ್ತು. ನಾನು ಇವತ್ತು ಒಂದೇ ಕಿತ್ತೆ.”